ಜಿಡಿಬಿ ಟೆಸ್ಟ್ ಸೂಟ್ ಕಂಪೈಲರನ್ನು ತಪ್ಪಾಗಿ ಗುರುತಿಸಿದಾಗ: ದೋಷ ಪತ್ತೆ ಮತ್ತು ಪರಿಹಾರ

ನಿನ್ನೆಯವರೆಗೆ ಪಾಸ್ ಆಗುತ್ತಿದ್ದ ಟೆಸ್ಟ್‌ಗಳು ಕಂಪೈಲರ್ ಬದಲಿಸಿದ ಕೂಡಲೇ ಗುಂಪಾಗಿ ಬಿದ್ದರೆ ಅನುಮಾನ ಮೊದಲು ಹೋಗುವುದು ಡೀಬಗರ್ (ಪ್ರೋಗ್ರಾಂಗಳ ದೋಷ ಹುಡುಕುವ ಉಪಕರಣ) ಮೇಲೆ. ಆದರೆ ಗ್ನೂ ಡೀಬಗರ್ ಆದ ಜಿಡಿಬಿಯ ಟೆಸ್ಟ್ ಸೂಟ್‌ನಲ್ಲಿ ಎಷ್ಟೋ ಟೆಸ್ಟ್‌ಗಳು ‘ಈಗ ಇರುವುದು ಯಾವ ಕಂಪೈಲರ್, ಯಾವ ಆವೃತ್ತಿ?’ ಎಂದು ಕೇಳಿಕೊಂಡ ಮೇಲೆಯೇ ಮುಂದುವರಿಯುತ್ತವೆ. ಆ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕರೆ ಹಾನಿ ಎರಡು ಕಡೆಯಿಂದ ಆಗುತ್ತದೆ. ಕಂಪೈಲರಿನಲ್ಲಿ ಇದೆಯೆಂದು ಎಲ್ಲರಿಗೂ ಗೊತ್ತಿರುವ ದೋಷ ಡೀಬಗರಿನ ಲೆಕ್ಕಕ್ಕೆ ಬೀಳುತ್ತದೆ. ಇಲ್ಲವೇ ಡೀಬಗರಿನ ನಿಜವಾದ ದೋಷ ‘ನಿರೀಕ್ಷಿತ ವೈಫಲ್ಯ’ಗಳ ಪಟ್ಟಿಯಲ್ಲಿ ಸದ್ದಿಲ್ಲದೆ ಸೇರಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಫೇಲ್‌ಗಳ ಎಣಿಕೆ ನೋಡಿ ಸಮಾಧಾನಪಡುವವರಿಗೆ ಅದು ಕಾಣುವುದೇ ಇಲ್ಲ.

ಆದೇಶ, ಫೈಲ್ ಮತ್ತು ಮ್ಯಾಕ್ರೊಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಎಂದಿನ ರೋಮನ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಕೈ ಹಾಕುವ ಮೊದಲು

ಟೆಸ್ಟ್ ಸೂಟನ್ನು ರೂಟ್ ಬಳಕೆದಾರರಾಗಿ ಓಡಿಸಬೇಡಿ. ಅದು ಪ್ರೋಗ್ರಾಂಗಳನ್ನು ಕಟ್ಟುತ್ತದೆ, ಓಡಿಸುತ್ತದೆ, ಓಡುತ್ತಿರುವ ಪ್ರೊಸೆಸ್‌ಗೆ ಅಂಟಿಕೊಳ್ಳುತ್ತದೆ, ಕೊಲ್ಲುತ್ತದೆ, ಪ್ರೋಗ್ರಾಂ ಬಿದ್ದಾಗಿನ ಮೆಮೊರಿಯ ಪ್ರತಿಯಾದ ಕೋರ್ ಫೈಲ್‌ಗಳನ್ನು ಬಿಟ್ಟು ಹೋಗುತ್ತದೆ. ಮೇಲಾಗಿ, ಕಂಪೈಲರಿನ ಔಟ್‌ಪುಟ್‌ನಿಂದ ಬಂದ ಸಾಲುಗಳನ್ನು ಟಿಸಿಎಲ್ (ಸೂಟ್ ಬರೆದಿರುವ ಸ್ಕ್ರಿಪ್ಟ್ ಭಾಷೆ) ಆದೇಶಗಳಾಗಿ ನಡೆಸುತ್ತದೆ. ಆದ್ದರಿಂದ ನಂಬಿಕೆ ಇಲ್ಲದ ಕಂಪೈಲರ್ ಅಥವಾ ಅದರ ಮುಂದೆ ಕುಳಿತು ಅದನ್ನು ಕರೆಯುವ ರ‍್ಯಾಪರ್ ಸ್ಕ್ರಿಪ್ಟನ್ನು ಅದಕ್ಕೆ ಕೊಡಬಾರದು. ಗ್ರಾಹಕರ ಕೆಲಸ ನಡೆಯುತ್ತಿರುವ ಯಂತ್ರ ಇದಕ್ಕೆ ಸರಿಯಾದ ಜಾಗವಲ್ಲ. ಬಿಲ್ಡ್ ಫೋಲ್ಡರ್ ಸೋರ್ಸ್ ಫೋಲ್ಡರಿನಿಂದ ಬೇರೆಯಾಗಿರಲಿ, ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿರಲಿ.

ಇಡೀ ಸೂಟ್ ಓಡಿಸುವ ಅಗತ್ಯವೂ ಇಲ್ಲ. ‘ಮೇಕ್ ಚೆಕ್’ ಆದೇಶಕ್ಕೆ ‘ಟೆಸ್ಟ್ಸ್’ ವೇರಿಯಬಲ್ ಮೂಲಕ ಜಿಡಿಬಿ.ಬೇಸ್ ಫೋಲ್ಡರಿನ ಬ್ರೇಕ್.ಎಕ್ಸ್‌ಪಿಯಂಥ ಒಂದೇ ಟೆಸ್ಟ್ ಕೊಟ್ಟರೆ ಪತ್ತೆ ಕೆಲಸದ ಬಹುಭಾಗ ಮುಗಿಯುತ್ತದೆ.

ಲಕ್ಷಣ ಯಾವುದೇ ಇರಲಿ, ಮೊದಲು ಈ ಸಾಲು ನೋಡಿ

ಜಿಡಿಬಿ.ಸಮ್ ಫೈಲ್ ಫಲಿತಾಂಶಗಳ ಪಟ್ಟಿ ಮಾತ್ರ. ನಿಮಗೆ ಬೇಕಾದದ್ದು ಜಿಡಿಬಿ.ಲಾಗ್. ಅದರಲ್ಲಿ ‘ಗೆಟ್_ಕಂಪೈಲರ್_ಇನ್ಫೋ’ ಎಂದು ಹುಡುಕಿ. ಸಮಾನಾಂತರವಾಗಿ ಓಡಿಸಿದ್ದರೆ ಔಟ್‌ಪುಟ್ಸ್ ಫೋಲ್ಡರಿನಲ್ಲಿ ಪ್ರತಿ ಟೆಸ್ಟ್‌ಗೂ ಬೇರೆ ಲಾಗ್ ಇರುತ್ತದೆ, ಬಿದ್ದ ಟೆಸ್ಟ್‌ನದ್ದನ್ನೇ ತೆರೆಯಿರಿ. ಆ ಹೆಸರಿನ ಮುಂದೆ ‘ಜಿಸಿಸಿ-12-2-0’ ಅಥವಾ ‘ಕ್ಲ್ಯಾಂಗ್-15-0-7’ ಎಂಬ ರೂಪದ ಉತ್ತರ, ಅಂದರೆ ಕಂಪೈಲರಿನ ಹೆಸರು ಮತ್ತು ಆವೃತ್ತಿ, ಇರುತ್ತದೆ. ಸೂಟ್ ಕಂಪೈಲರನ್ನು ಏನೆಂದು ತಿಳಿದಿದೆ ಎಂಬುದು ಅಷ್ಟೇ. ಅದು ನೀವು ಕೊಟ್ಟ ಕಂಪೈಲರಿಗೆ ಹೊಂದಿದರೆ ಪತ್ತೆ ವ್ಯವಸ್ಥೆ ಸರಿಯಿದೆ ಎಂದರ್ಥ. ಆಗ ಟೆಸ್ಟ್ ಬಳಸುವ ಹೋಲಿಕೆ ಮಾದರಿಯನ್ನೋ ಡೀಬಗರನ್ನೋ ನೋಡಬೇಕು. ಹೊಂದದಿದ್ದರೆ ಆ ಓಟದಲ್ಲಿ ಬಂದ ಪಾಸ್, ಫೇಲ್ ಯಾವುದನ್ನೂ ಇನ್ನೂ ನಂಬಬೇಡಿ.

ಈ ಉತ್ತರ ಹುಟ್ಟುವ ಬಗೆ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಸೂಟ್ ಕಂಪೈಲರಿನ ಫೈಲ್ ಹೆಸರನ್ನು ನೋಡಿ ತೀರ್ಮಾನಿಸುವುದಿಲ್ಲ, ‘ವರ್ಶನ್’ ಸಂದೇಶವನ್ನೂ ಓದುವುದಿಲ್ಲ. ಟೆಸ್ಟ್ ಸೂಟ್‌ನ ಲಿಬ್ ಫೋಲ್ಡರಿನಲ್ಲಿ ಕಂಪೈಲರ್.ಸಿ ಎಂಬ ಪುಟ್ಟ ಫೈಲ್ ಇದೆ. ಹೆಸರು ಹಾಗಿದ್ದರೂ ಅದರಲ್ಲಿ ಸಿ ಪ್ರೋಗ್ರಾಂ ಇಲ್ಲ. ‘ಈ ಮ್ಯಾಕ್ರೊ ಇದ್ದರೆ’ ಎಂಬ ಪ್ರಿಪ್ರೊಸೆಸರ್ (ಕಂಪೈಲ್ ಮಾಡುವ ಮೊದಲು ಮ್ಯಾಕ್ರೊ ಎಂಬ ಹೆಸರುಗಳ ಜಾಗದಲ್ಲಿ ಅವುಗಳ ಬೆಲೆ ತುಂಬುವ ಹಂತ) ಷರತ್ತುಗಳ ನಡುವೆ ‘ಸೆಟ್ ಕಂಪೈಲರ್_ಇನ್ಫೋ’ ಎಂದು ಆರಂಭವಾಗುವ ಟಿಸಿಎಲ್ ಸಾಲುಗಳಿವೆ. ಸೂಟ್ ಈ ಫೈಲನ್ನು ಕಂಪೈಲರಿಗೆ ಕೊಟ್ಟು ಪ್ರಿಪ್ರೊಸೆಸ್ ಮಾತ್ರ ಮಾಡಿಸುತ್ತದೆ. ಮ್ಯಾಕ್ರೊಗಳ ಜಾಗದಲ್ಲಿ ಅಂಕಿಗಳು ತುಂಬಿ ಹೊರಬಂದ ಸಾಲುಗಳನ್ನು ಜಿಡಿಬಿ.ಎಕ್ಸ್‌ಪಿಯಲ್ಲಿರುವ ಗೆಟ್_ಕಂಪೈಲರ್_ಇನ್ಫೋ ಒಂದೊಂದಾಗಿ ನಡೆಸುತ್ತದೆ. ಆಮೇಲೆ ಟೆಸ್ಟ್_ಕಂಪೈಲರ್_ಇನ್ಫೋ ಎಂಬ ಇನ್ನೊಂದು ಪ್ರೊಸೀಜರ್ ಆ ಉತ್ತರವನ್ನು ಟೆಸ್ಟ್ ಕೇಳಿದ ಮಾದರಿಯೊಂದಿಗೆ ಹೋಲಿಸುತ್ತದೆ.

ಲಕ್ಷಣ: ಬಹುತೇಕ ಟೆಸ್ಟ್‌ಗಳು ‘ಅನ್‌ಟೆಸ್ಟೆಡ್’

‘ಫೇಲ್ಡ್ ಟು ಪ್ರಿಪೇರ್’ ಎಂಬ ಕಾರಣದೊಂದಿಗೆ ಸಾಲು ಸಾಲು ಅನ್‌ಟೆಸ್ಟೆಡ್ ಬಂದರೆ ಪ್ರೋಗ್ರಾಂ ಕಟ್ಟುವುದೇ ಸಾಧ್ಯವಾಗಿಲ್ಲ. ಪತ್ತೆಯ ಸೂಕ್ಷ್ಮಗಳಿಗೆ ಇಳಿಯುವ ಮೊದಲು ಸೂಟ್ ಕರೆಯುತ್ತಿರುವ ಆದೇಶವನ್ನು ಲಾಗಿನಿಂದ ನಕಲು ಮಾಡಿ ಟರ್ಮಿನಲ್‌ನಲ್ಲಿ ಓಡಿಸಿ. ಕಂಪೈಲರ್ ಪಾತ್‌ನಲ್ಲಿ ಇಲ್ಲದಿರುವುದು, ಹೆಸರಿನಲ್ಲಿ ಅಕ್ಷರ ತಪ್ಪಿರುವುದು, ಕೋರಿದ ಆರ್ಕಿಟೆಕ್ಚರಿನ ಲೈಬ್ರರಿ ಇಲ್ಲದಿರುವುದು: ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು.

ಇಲ್ಲಿ ಮೋಸಹೋಗುವ ಒಂದು ಜಾಗವಿದೆ. 64 ಬಿಟ್ ಯಂತ್ರದಲ್ಲಿ 32 ಬಿಟ್ ಫ್ಲಾಗ್ ಕೊಟ್ಟು, ಅದಕ್ಕೆ ಬೇಕಾದ ಹೆಡರ್ ಮತ್ತು ಲೈಬ್ರರಿ ಹಾಕದಿದ್ದರೆ ಪತ್ತೆ ಸರಿಯಾಗಿಯೇ ನಡೆಯುತ್ತದೆ, ಕಟ್ಟುವುದು ಮಾತ್ರ ಕೆಡುತ್ತದೆ. ಪತ್ತೆಯ ಫೈಲ್ ಯಾವ ಹೆಡರನ್ನೂ ಸೇರಿಸಿಕೊಳ್ಳುವುದಿಲ್ಲ, ಲಿಂಕ್ ಹಂತಕ್ಕೂ ಹೋಗುವುದಿಲ್ಲ. ಹಾಗಾಗಿ ಲಾಗ್‌ನಲ್ಲಿ ಸರಿಯಾದ ಹೆಸರು ಕಂಡಿತೆಂದು ಕಂಪೈಲರ್ ವ್ಯವಸ್ಥೆ ಪೂರ್ತಿ ಸರಿಯಿದೆ ಎಂದು ತಿಳಿಯಬಾರದು.

ಲಕ್ಷಣ: ಕೊಟ್ಟಿದ್ದು ಕ್ಲ್ಯಾಂಗ್, ಲಾಗ್ ಹೇಳುವುದು ಜಿಸಿಸಿ

ಅಗ್ಗದ ತಪಾಸಣೆ ಮೊದಲು. ಜಿಡಿಬಿಯನ್ನು ಕ್ಲ್ಯಾಂಗ್‌ನಿಂದ ಕಟ್ಟಿದರೆ ಟೆಸ್ಟ್ ಪ್ರೋಗ್ರಾಂಗಳೂ ಕ್ಲ್ಯಾಂಗ್‌ನಿಂದಲೇ ಕಟ್ಟಲ್ಪಡುತ್ತವೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅವೆರಡೂ ಬೇರೆ. ಟೆಸ್ಟ್‌ಗಳ ಕಂಪೈಲರನ್ನು ‘ರನ್‌ಟೆಸ್ಟ್‌ಫ್ಲ್ಯಾಗ್ಸ್’ ವೇರಿಯಬಲ್ ಒಳಗೆ ಸಿಸಿ_ಫಾರ್_ಟಾರ್ಗೆಟ್ ಮತ್ತು ಸಿಎಕ್ಸ್‌ಎಕ್ಸ್_ಫಾರ್_ಟಾರ್ಗೆಟ್ ಮೂಲಕ ಬೇರೆಯಾಗಿ ಹೇಳಬೇಕು. ಹೇಳದಿದ್ದರೆ ಟೆಸ್ಟ್ ಓಡಿಸುವ ಚೌಕಟ್ಟಾದ ಡೇಜಾಗ್ನು ತನಗೆ ಸಿಕ್ಕ ಜಿಸಿಸಿಯನ್ನು ಎತ್ತಿಕೊಳ್ಳುತ್ತದೆ. ಪೂರ್ಣ ಪಾತ್ ಕೊಡುವ ಅಭ್ಯಾಸ ಒಳ್ಳೆಯದು, ಒಂದೇ ಯಂತ್ರದಲ್ಲಿ ನಾಲ್ಕಾರು ಆವೃತ್ತಿಗಳಿದ್ದಾಗ ಗೊಂದಲಕ್ಕೆ ಎಡೆ ಉಳಿಯುವುದಿಲ್ಲ. ಉಲ್ಟಾ ಪ್ರಕರಣವೂ ಇದೆ: ಮ್ಯಾಕ್‌ನಲ್ಲಿ ‘ಜಿಸಿಸಿ’ ಎಂದು ಟೈಪ್ ಮಾಡಿದರೆ ಆಪಲ್‌ನ ಕ್ಲ್ಯಾಂಗ್ ಓಡುತ್ತದೆ. ಫ್ರೀಬಿಎಸ್‌ಡಿಯಲ್ಲಿ ‘ಸಿಸಿ’ ಎಂದರೆ ಕ್ಲ್ಯಾಂಗ್. ಅಲ್ಲಿ ಸೂಟ್ ‘ಕ್ಲ್ಯಾಂಗ್’ ಎಂದರೆ ಅದು ಹೇಳಿದ್ದೇ ಸರಿ.

ಈಗ ಅಂಕಿಗಳನ್ನು ನೋಡಿ. ‘ಜಿಸಿಸಿ-4-2-1’ ಎಂದಿದ್ದರೆ ಅದು ಬಹುತೇಕ ಖಚಿತ ಸುಳಿವು. ಜಿಸಿಸಿ 4.2.1 ಬಂದದ್ದು 2007ರಲ್ಲಿ. ಈಗಿನ ಯಂತ್ರದಲ್ಲಿ ಅದು ಇರುವ ಸಾಧ್ಯತೆ ತೀರ ಕಡಿಮೆ. ಜಿಸಿಸಿಗಾಗಿ ಬರೆದ ಕೋಡ್ ತನ್ನಲ್ಲೂ ನಡೆಯಲಿ ಎಂದು ಕ್ಲ್ಯಾಂಗ್ ತಾನು ಜಿಸಿಸಿ 4.2.1 ಎಂದು ಹೇಳಿಕೊಳ್ಳುತ್ತದೆ: __ಜಿಎನ್‌ಯುಸಿ__ ಮ್ಯಾಕ್ರೊದ ಬೆಲೆ 4, ಮೈನರ್ 2, ಪ್ಯಾಚ್‌ಲೆವೆಲ್ 1. ಇಂಟೆಲ್‌ನ ಹಳೆಯ ಐಸಿಸಿಯೂ __ಜಿಎನ್‌ಯುಸಿ__ ಕೊಡುತ್ತದೆ. ಹೊಸ ಐಸಿಎಕ್ಸ್ ಕ್ಲ್ಯಾಂಗ್ ಮೇಲೆ ಕಟ್ಟಿದ್ದಾದ್ದರಿಂದ __ಕ್ಲ್ಯಾಂಗ್__ ಮ್ಯಾಕ್ರೊವನ್ನೂ ಕೊಡುತ್ತದೆ. ಅಂದರೆ ‘__ಜಿಎನ್‌ಯುಸಿ__ ಇದೆ, ಆದ್ದರಿಂದ ಇದು ಜಿಸಿಸಿ’ ಎಂಬ ತರ್ಕವೇ ತಪ್ಪು.

ಕಂಪೈಲರ್.ಸಿ ಈ ಸಮಸ್ಯೆಯನ್ನು ಕ್ರಮದಿಂದ ಬಗೆಹರಿಸುತ್ತದೆ. ಸಾಲುಗಳು ಮೇಲಿನಿಂದ ಕೆಳಕ್ಕೆ ನಡೆಯುವುದರಿಂದ ಕೊನೆಯ ‘ಸೆಟ್’ ಗೆಲ್ಲುತ್ತದೆ. ಮೊದಲು ಜಿಸಿಸಿ, ಆಮೇಲೆ ಕ್ಲ್ಯಾಂಗ್, ಅದರ ಮೇಲೆ ಕಟ್ಟಿದವು ಇನ್ನೂ ಕೆಳಗೆ. ಯಾರಾದರೂ ಹೊಸ ಕಂಪೈಲರ್ ಸೇರಿಸುವಾಗ ಈ ಕ್ರಮ ತಪ್ಪಿಸಿದ್ದರೆ, ಅಥವಾ ಸ್ವತಂತ್ರ ಷರತ್ತುಗಳನ್ನು ‘ಇಲ್ಲದಿದ್ದರೆ’ ಸರಪಳಿಯಾಗಿ ಬದಲಿಸಿ ಜಿಸಿಸಿಯನ್ನು ಎಲ್ಲಕ್ಕಿಂತ ಮೊದಲಿಟ್ಟಿದ್ದರೆ, ಮೊದಲು ಹೊಂದಿದ್ದೇ ಗೆದ್ದುಬಿಡುತ್ತದೆ. ಖಚಿತಪಡಿಸಿಕೊಳ್ಳಲು ಖಾಲಿ ಇನ್‌ಪುಟ್ ಕೊಟ್ಟು ‘-ಡಿಎಂ’ ಮತ್ತು ‘-ಇ’ ಆಯ್ಕೆಗಳೊಂದಿಗೆ ಕಂಪೈಲರನ್ನು ಓಡಿಸಿ. ಅದು ತಾನೇ ಘೋಷಿಸಿಕೊಂಡಿರುವ ಎಲ್ಲ ಮ್ಯಾಕ್ರೊಗಳೂ ಕಾಣುತ್ತವೆ. ಆಮೇಲೆ ಕಂಪೈಲರ್.ಸಿಯನ್ನೇ ‘-ಇ’ ಆಯ್ಕೆಯೊಂದಿಗೆ ಓಡಿಸಿ, ಹೊರಬಂದ ಸೆಟ್ ಸಾಲುಗಳಲ್ಲಿ ಕೊನೆಯದು ಯಾವುದೆಂದು ನೋಡಿ. ಸೂಟ್ ಓಡಿಸದೆಯೇ ಅರ್ಧ ಉತ್ತರ ಇಲ್ಲಿ ಸಿಗುತ್ತದೆ.

ಲಕ್ಷಣ: ಲಾಗ್‌ನಲ್ಲಿ ‘ಅನ್‌ನೋನ್’

ಹೆಚ್ಚು ಹೊತ್ತು ತಿನ್ನುವುದು ಈ ಲಕ್ಷಣವೇ, ಏಕೆಂದರೆ ಕಂಪೈಲರ್ ಸಂಪೂರ್ಣ ಆರೋಗ್ಯವಾಗಿರುತ್ತದೆ, ಪ್ರೋಗ್ರಾಂಗಳೂ ಸರಿಯಾಗಿ ಕಟ್ಟಲ್ಪಡುತ್ತವೆ. ಆದರೂ ಸೂಟ್‌ಗೆ ಅದರ ಗುರುತು ಸಿಕ್ಕಿರುವುದಿಲ್ಲ. ಪರಿಣಾಮ ವಿಚಿತ್ರವಾಗಿ ಚದುರಿರುತ್ತದೆ: ಜಿಸಿಸಿಯ ಹಳೆಯ ದೋಷಕ್ಕೆಂದು ಹಾಕಿದ ಎಕ್ಸ್‌ಫೇಲ್ (ನಿರೀಕ್ಷಿತ ವೈಫಲ್ಯ) ಗುರುತುಗಳು ಅನ್ವಯವಾಗದೆ ಆ ಟೆಸ್ಟ್‌ಗಳು ಫೇಲ್ ಆಗುತ್ತವೆ, ನಿರ್ದಿಷ್ಟ ಕಂಪೈಲರ್ ಬೇಕೆನ್ನುವ ಟೆಸ್ಟ್‌ಗಳು ಓಡದೆ ಹೋಗುತ್ತವೆ.

ಕಾರಣ ಗೆಟ್_ಕಂಪೈಲರ್_ಇನ್ಫೋದ ಕಟ್ಟುನಿಟ್ಟಿನಲ್ಲಿದೆ. ಪ್ರಿಪ್ರೊಸೆಸ್ ಆಗಿ ಬಂದ ಸಾಲು ಹ್ಯಾಶ್‌ನಿಂದ ಶುರುವಾದರೆ ಬಿಡುತ್ತದೆ, ಖಾಲಿಯಿದ್ದರೆ ಬಿಡುತ್ತದೆ, ಸೆಟ್ ಸಾಲಾದರೆ ನಡೆಸುತ್ತದೆ. ಬೇರೆ ಏನೇ ಬಂದರೂ, ಹೆಸರಿಟ್ಟು ವಿನಾಯಿತಿ ಕೊಟ್ಟ ಒಂದೆರಡು ವಾರ್ನಿಂಗ್ ಬಿಟ್ಟು, ಆ ಸಾಲನ್ನು ಲಾಗ್‌ಗೆ ಬರೆದು ಇಡೀ ಉತ್ತರವನ್ನು ಅನ್‌ನೋನ್ ಮಾಡುತ್ತದೆ. ‘ಗಾಟ್ ಅನ್‌ಎಕ್ಸ್‌ಪೆಕ್ಟೆಡ್ ಡಯಾಗ್ನಾಸ್ಟಿಕ್ಸ್’ ಎಂಬ ಸಾಲು ಕಂಡರೆ ಇದೇ ಆಗಿದೆ. ಈ ಕಟ್ಟುನಿಟ್ಟು ಸರಿಯಾದದ್ದೇ ಎಂಬುದು ನನ್ನ ನಿಲುವು. ಗೊಣಗುತ್ತಿರುವ ಕಂಪೈಲರಿನ ಮಾತನ್ನು ಅರ್ಧ ನಂಬುವುದಕ್ಕಿಂತ ‘ಗೊತ್ತಿಲ್ಲ’ ಎನ್ನುವುದು ಪ್ರಾಮಾಣಿಕ. ಹಾಗಾಗಿ ಆ ತಪಾಸಣೆಯನ್ನೇ ಸಡಿಲಗೊಳಿಸುವ ಪ್ಯಾಚ್ ಬರೆಯಲು ಹೋಗಬೇಡಿ. ಗೊಣಗಾಟ ಎಲ್ಲಿಂದ ಬಂತು ಎಂದು ಹುಡುಕಿ.

ಲಾಗ್‌ನಲ್ಲಿ ‘ಗಾಟ್ ಅನ್‌ಎಕ್ಸ್‌ಪೆಕ್ಟೆಡ್…’ ಸಾಲಿನ ಮೇಲಿನ ಸಾಲಿನಲ್ಲೇ ಸಾಮಾನ್ಯವಾಗಿ ಉತ್ತರವಿರುತ್ತದೆ. ಲಿಂಕ್ ಹಂತದ ಫ್ಲಾಗನ್ನು ಪ್ರಿಪ್ರೊಸೆಸ್ ಹಂತದಲ್ಲಿ ಕೊಟ್ಟಾಗ ಕ್ಲ್ಯಾಂಗ್ ‘ಈ ಆಯ್ಕೆ ಬಳಕೆಯಾಗಲಿಲ್ಲ’ ಎಂದು ಎಚ್ಚರಿಸುತ್ತದೆ. ಟಾರ್ಗೆಟ್ ಬೋರ್ಡ್ (ಯಾವ ಯಂತ್ರಕ್ಕೆ, ಯಾವ ಫ್ಲಾಗ್‌ಗಳೊಂದಿಗೆ ಕಟ್ಟಬೇಕೆಂದು ಹೇಳುವ ಸಂರಚನೆ) ಮೂಲಕ ‘-ಪೈ’ಯಂಥ ಫ್ಲಾಗ್ ಎಲ್ಲ ಹಂತಗಳಿಗೂ ಹೋದಾಗ ಹೀಗಾಗಬಹುದು. ಜಿಸಿಸಿ ಇಂಥ ಕಡೆ ಸುಮ್ಮನಿರುವುದರಿಂದ ಅದೇ ಬೋರ್ಡ್ ಜಿಸಿಸಿಯೊಂದಿಗೆ ಸರಿ, ಕ್ಲ್ಯಾಂಗ್‌ನೊಂದಿಗೆ ಮಾತ್ರ ತಪ್ಪು. ಆ ಫ್ಲಾಗನ್ನು ಬೋರ್ಡ್ ಫೈಲಿನ ಲಿಂಕ್ ಆಯ್ಕೆಗಳಿಗೆ ಸರಿಸುವುದು ಸರಿಯಾದ ಪರಿಹಾರ. ಆ ಒಂದು ವಾರ್ನಿಂಗನ್ನು ಮುಚ್ಚುವ ಆಯ್ಕೆ ಕೊಡುವುದು ಎರಡನೆಯ ದಾರಿ. ಎಲ್ಲ ವಾರ್ನಿಂಗ್‌ಗಳನ್ನೂ ಒಟ್ಟಿಗೆ ಮುಚ್ಚಿದರೆ ನಾಳೆ ಬರುವ ನಿಜವಾದ ಎಚ್ಚರಿಕೆಯೂ ಮುಚ್ಚಿಹೋಗುತ್ತದೆ.

ರ‍್ಯಾಪರ್‌ಗಳು ಇನ್ನೊಂದು ಮೂಲ. ಕಂಪೈಲರಿನ ಮುಂದೆ ಕುಳಿತ ಸ್ಕ್ರಿಪ್ಟ್ ‘ಇಂಥ ಆವೃತ್ತಿ ಬಳಸುತ್ತಿದ್ದೇನೆ’ ಎಂದು ಒಂದು ಸಾಲು ಮುದ್ರಿಸಿದರೂ ಸಾಕು, ಉತ್ತರ ಅನ್‌ನೋನ್. ರ‍್ಯಾಪರ್ ತೆಗೆದು ನೇರ ಪಾತ್ ಕೊಟ್ಟು ಒಮ್ಮೆ ಓಡಿಸಿದರೆ ಅನುಮಾನ ಬಗೆಹರಿಯುತ್ತದೆ.

‘ಗಾಟ್ ಅನ್‌ಎಕ್ಸ್‌ಪೆಕ್ಟೆಡ್…’ ಸಾಲು ಇಲ್ಲದೆಯೂ ಅನ್‌ನೋನ್ ಬಂದರೆ ನಿಮ್ಮ ಕಂಪೈಲರಿನ ಮ್ಯಾಕ್ರೊ ಯಾವ ಷರತ್ತಿಗೂ ಹೊಂದಿಲ್ಲ ಎಂದರ್ಥ. ಆಗ ಕಂಪೈಲರ್.ಸಿಗೆ ಹೊಸ ಷರತ್ತು ಸೇರಿಸಬೇಕು. ಸೇರಿಸುವಾಗ ಒಂದು ಎಚ್ಚರ: ಸೆಟ್ ಸಾಲಿನಲ್ಲಿ ನೀವು ಬರೆಯುವ ಹೆಸರೂ ಪ್ರಿಪ್ರೊಸೆಸರ್ ಕೈಯಿಂದ ಹಾದುಹೋಗುತ್ತದೆ. ಲಿನಕ್ಸ್‌ನಲ್ಲಿ ಜಿಸಿಸಿ ತನ್ನ ಗ್ನೂ ಮೋಡ್‌ನಲ್ಲಿ ‘ಲಿನಕ್ಸ್’, ‘ಯುನಿಕ್ಸ್’ ಎಂಬ ಪದಗಳನ್ನೇ 1 ಎಂಬ ಬೆಲೆಯ ಮ್ಯಾಕ್ರೊಗಳಾಗಿ ಇಟ್ಟುಕೊಂಡಿದೆ. ಅಂಥ ಪದ ಹೆಸರಿನ ಭಾಗವಾಗಿ ಬಿಡಿಯಾಗಿ ಬಂದರೆ ಅದರ ಜಾಗದಲ್ಲಿ 1 ಕೂರುತ್ತದೆ.

ಲಕ್ಷಣ: ಸಿ ಟೆಸ್ಟ್‌ಗಳು ಸರಿ, ಸಿ++ ಅಥವಾ ಫೋರ್ಟ್ರಾನ್ ಟೆಸ್ಟ್‌ಗಳು ತಪ್ಪು

ಸಿಸಿ_ಫಾರ್_ಟಾರ್ಗೆಟ್ ಮಾತ್ರ ಬದಲಿಸಿ ಸಿಎಕ್ಸ್‌ಎಕ್ಸ್ ಮರೆತರೆ ಸಿ ಒಂದು ಕಂಪೈಲರಿಗೂ ಸಿ++ ಇನ್ನೊಂದಕ್ಕೂ ಹೋಗುತ್ತದೆ. ಮೊದಲು ಅದನ್ನು ನೋಡಿ. ಅದು ಸರಿಯಿದ್ದರೆ ಟೆಸ್ಟ್ ಫೈಲನ್ನು ತೆರೆದು ಟೆಸ್ಟ್_ಕಂಪೈಲರ್_ಇನ್ಫೋ ಕರೆಯನ್ನು ಗಮನಿಸಿ. ಅದರ ಎರಡನೆಯ ಆರ್ಗ್ಯುಮೆಂಟ್ ಭಾಷೆ. ಬಿಟ್ಟರೆ ಸಿ ಎಂದೇ ತಿಳಿಯುತ್ತದೆ. ಸಿ++ ಟೆಸ್ಟ್ ಒಂದು ಭಾಷೆ ಹೇಳದೆ ಕೇಳಿದರೆ ಸಿ ಕಂಪೈಲರಿನ ಗುರುತು ಸಿಗುತ್ತದೆ. ಎರಡೂ ಒಂದೇ ಕುಟುಂಬದ ಒಂದೇ ಆವೃತ್ತಿಯಾಗಿರುವ ಯಂತ್ರದಲ್ಲಿ ಈ ತಪ್ಪು ವರ್ಷಗಟ್ಟಲೆ ಬಯಲಾಗದೆ ಉಳಿಯಬಲ್ಲದು. ಜಿಡಿಬಿಯ ಹಳೆಯ ಆವೃತ್ತಿಗಳಲ್ಲಿ ಎಲ್ಲ ಭಾಷೆಗೂ ಒಂದೇ ವೇರಿಯಬಲ್ ಇದ್ದುದರಿಂದ ಅಲ್ಲಿ ಭಾಷೆ ಬೆರೆಸುವ ಟೆಸ್ಟ್‌ಗಳನ್ನು ಇನ್ನೂ ಎಚ್ಚರದಿಂದ ಓದಬೇಕು.

ಪತ್ತೆಯ ಫೈಲೂ ಭಾಷೆಗೊಂದಿದೆ: ಸಿಗೆ ಕಂಪೈಲರ್.ಸಿ, ಸಿ++ಗೆ ಕಂಪೈಲರ್.ಸಿಸಿ, ಫೋರ್ಟ್ರಾನ್‌ಗೆ ಕಂಪೈಲರ್.ಎಫ್90. ಸಿ++ಗೆ ಬೇರೆ ಫೈಲ್ ಇರುವುದಕ್ಕೆ ಕಾರಣವಿದೆ. ಸಿ ಎಕ್ಸ್‌ಟೆನ್ಶನ್ ಇರುವ ಫೈಲನ್ನು ಕ್ಲ್ಯಾಂಗ್‌ನ ಸಿ++ ಡ್ರೈವರಿಗೆ ಕೊಟ್ಟರೆ ‘ಈ ವರ್ತನೆ ಹಳತಾಯಿತು’ ಎಂಬ ವಾರ್ನಿಂಗ್ ಬರುತ್ತದೆ, ವಾರ್ನಿಂಗ್ ಬಂದರೆ ಉತ್ತರ ಅನ್‌ನೋನ್. ಫೋರ್ಟ್ರಾನ್ ಫೈಲಿನ ಎಕ್ಸ್‌ಟೆನ್ಶನ್‌ನಲ್ಲಿ ‘ಎಫ್’ ದೊಡ್ಡಕ್ಷರದಲ್ಲಿದೆ, ಏಕೆಂದರೆ ಅದನ್ನು ನೋಡಿಯೇ ಜಿಫೋರ್ಟ್ರಾನ್ ಪ್ರಿಪ್ರೊಸೆಸರನ್ನು ಓಡಿಸುತ್ತದೆ. ಹೊಸ ಕಂಪೈಲರಿಗಾಗಿ ಸಿ ಫೈಲ್ ತಿದ್ದಿ ಸಿ++ ಫೈಲನ್ನು ಮರೆಯುವುದು ಬಹಳ ಸಹಜ. ಎರಡನ್ನೂ ಪಕ್ಕಪಕ್ಕ ಡಿಫ್ ಮಾಡಿ ನೋಡಿ.

ಲಕ್ಷಣ: ಕಂಪೈಲರ್ ಹೊಸದಾದ ಮೇಲೆ ಎಕ್ಸ್‌ಪಾಸ್‌ಗಳು, ಅಥವಾ ಕಾರಣ ತಿಳಿಯದ ಫೇಲ್‌ಗಳು

ಇಲ್ಲಿ ಪತ್ತೆ ಸರಿಯಿರುತ್ತದೆ, ತಪ್ಪು ಟೆಸ್ಟ್ ಬರೆದ ಮಾದರಿಯಲ್ಲಿರುತ್ತದೆ. ಹೋಲಿಕೆ ನಡೆಯುವುದು ಅಕ್ಷರಗಳ ಮೇಲೆ, ಅಂಕಿಗಳ ಗಾತ್ರದ ಮೇಲಲ್ಲ. ‘ಜಿಸಿಸಿ-1*’ ಎಂದು ಜಿಸಿಸಿ 1ಕ್ಕಾಗಿ ಬರೆದ ಮಾದರಿ 10, 11, 12 ಎಲ್ಲಕ್ಕೂ ಹೊಂದುತ್ತದೆ. ‘ಜಿಸಿಸಿ-[5-9]-*’ ಎಂದು ‘5 ಮತ್ತು ನಂತರದವು’ ಎಂಬ ಉದ್ದೇಶದಿಂದ ಬರೆದದ್ದು 10ಕ್ಕೆ ಹೊಂದುವುದಿಲ್ಲ. 2020ರಲ್ಲಿ ಜಿಸಿಸಿಯ ಮುಖ್ಯ ಸಂಖ್ಯೆ ಎರಡಂಕಿಗೆ ಹೋದ ಮೇಲೆ ಇಂಥ ಮಾದರಿಗಳೆಲ್ಲ ಅನುಮಾನಾಸ್ಪದ.

ಎಕ್ಸ್‌ಪಾಸ್ ಎಂದರೆ ಬೀಳಬೇಕೆಂದು ಗುರುತಿಸಿದ ಟೆಸ್ಟ್ ಪಾಸಾಗಿದೆ. ಒಳ್ಳೆಯ ಸುದ್ದಿಯೆಂದು ಬಿಟ್ಟುಬಿಡಬೇಡಿ. ಮಾದರಿ ಅಗತ್ಯಕ್ಕಿಂತ ಅಗಲವಾಗಿದೆ ಎಂಬ ಸೂಚನೆ ಅದು. ನಾಳೆ ಡೀಬಗರ್ ನಿಜವಾಗಿ ಕೆಟ್ಟಾಗ ಅದೇ ಗುರುತು ಅದನ್ನು ಎಕ್ಸ್‌ಫೇಲ್ ಎಂದು ಮುಚ್ಚಿಡುತ್ತದೆ. ನಿಮ್ಮ ಪ್ರತಿಯ ಜಿಡಿಬಿ.ಎಕ್ಸ್‌ಪಿಯಲ್ಲಿ ಜಿಸಿಸಿ_ಮೇಜರ್_ವರ್ಶನ್ ಪ್ರೊಸೀಜರ್ ಇದ್ದರೆ ಅದರಿಂದ ಸಂಖ್ಯೆ ಪಡೆದು ಸಂಖ್ಯೆಯಾಗಿಯೇ ಹೋಲಿಸಿ.

ಲಕ್ಷಣ: ‘ಇನ್‌ವ್ಯಾಲಿಡ್ ಕಮಾಂಡ್ ನೇಮ್ 0-4’

ಟಿಸಿಎಲ್‌ನಲ್ಲಿ ಚೌಕ ಆವರಣ ಎಂದರೆ ಆದೇಶ ನಡೆಸು ಎಂದರ್ಥ. ‘ಜಿಸಿಸಿ-[0-4]-*’ ಮಾದರಿಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದರೆ ಟಿಸಿಎಲ್ 0-4 ಎಂಬ ಆದೇಶವನ್ನು ಹುಡುಕಿ ಸೋಲುತ್ತದೆ, ಆ ಟೆಸ್ಟ್ ಫೈಲ್ ಅಲ್ಲಿಗೇ ನಿಲ್ಲುತ್ತದೆ. ಪುಷ್ಪಾವರಣದಲ್ಲಿ ಬರೆಯಿರಿ, ಮುಗಿಯಿತು.

‘ಟೂ ಮೆನಿ ನೆಸ್ಟೆಡ್ ಇವ್ಯಾಲ್ಯುಯೇಶನ್ಸ್’ ಎಂಬ ದೋಷ ಬಂದರೆ ವಿಷಯ ಬೇರೆ. ಕಂಪೈಲರನ್ನು ಪತ್ತೆಹಚ್ಚಲು ಗೆಟ್_ಕಂಪೈಲರ್_ಇನ್ಫೋ ಜಿಡಿಬಿ_ಕಂಪೈಲನ್ನು ಕರೆಯುತ್ತದೆ. ಜಿಡಿಬಿ_ಕಂಪೈಲ್ ಒಳಗೂ ಕಂಪೈಲರ್ ಯಾವುದೆಂದು ಕೇಳುವ ಸಾಲುಗಳಿವೆ. ಈ ಸುತ್ತು ತಪ್ಪಿಸಲೆಂದೇ ‘ಗೆಟಿಂಗ್_ಕಂಪೈಲರ್_ಇನ್ಫೋ’ ಎಂಬ ಆಯ್ಕೆ ಇದೆ. ಜಿಡಿಬಿ_ಕಂಪೈಲ್‌ಗೆ ನೀವು ಹೊಸ ಕಂಪೈಲರ್ ಷರತ್ತು ಸೇರಿಸಿದ್ದರೆ, ಆ ಆಯ್ಕೆ ಇಲ್ಲದಿದ್ದಾಗ ಮಾತ್ರ ಅದು ಓಡುವಂತೆ ಮಾಡಿ.

ಲಕ್ಷಣ: ಒಂಟಿಯಾಗಿ ಓಡಿಸಿದರೆ ಸರಿ, ಗುಂಪಿನಲ್ಲಿ ತಪ್ಪು

ಪ್ರತಿ ಸಲವೂ ಹೊಸದಾಗಿ ಪರೀಕ್ಷಿಸಬಾರದೆಂದು ಸೂಟ್ ಹಲವು ಉತ್ತರಗಳನ್ನು ನೆನಪಿಟ್ಟುಕೊಳ್ಳುತ್ತದೆ. ಜಿಡಿಬಿ_ಪ್ಯಾರಲಲ್ ಮೋಡ್‌ನಲ್ಲಿ ಅವನ್ನು ಬಿಲ್ಡ್‌ನ ಟೆಸ್ಟ್‌ಸೂಟ್ ಫೋಲ್ಡರಿನೊಳಗಿನ ‘ಕ್ಯಾಶ್’ ಫೋಲ್ಡರಿನಲ್ಲಿ ಬರೆದಿಡುತ್ತದೆ. ಅದೇ ಬಿಲ್ಡ್‌ನಲ್ಲಿ ಕಂಪೈಲರ್ ಬದಲಿಸಿ, ಕ್ಯಾಶ್ ತೆಗೆಯದೆ ಓಡಿಸಿದರೆ ಹಿಂದಿನ ಕಂಪೈಲರಿನ ಸಾಮರ್ಥ್ಯಗಳು ಹೊಸದರ ಹೆಸರಿಗೆ ಬರಬಹುದು. ಆ ಫೋಲ್ಡರನ್ನು ಅಳಿಸಿ ಮತ್ತೆ ಓಡಿಸಿ. ಅಳಿಸುವ ಮೊದಲು ನೀವು ಬಿಲ್ಡ್ ಫೋಲ್ಡರಿನಲ್ಲಿದ್ದೀರಿ, ಸೋರ್ಸ್‌ನಲ್ಲಿ ಅಲ್ಲ ಎಂದು ಖಚಿತಪಡಿಸಿಕೊಳ್ಳಿ. ಬೇರೆ ಬೇರೆ ಕಂಪೈಲರಿಗೆ ಬೇರೆ ಬೇರೆ ಬಿಲ್ಡ್ ಫೋಲ್ಡರ್ ಇಟ್ಟುಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಕ್ಯಾಶ್ ಅಳಿಸಿದರೂ ಹಾಗೇ ಇದ್ದರೆ ಯಾವುದೋ ಟೆಸ್ಟ್ ಗ್ಲೋಬಲ್ ವೇರಿಯಬಲ್ ಒಂದನ್ನು ಬದಲಿಸಿ ಹಾಗೇ ಬಿಟ್ಟಿರಬಹುದು. ತಪ್ಪಾಗುವ ಟೆಸ್ಟ್‌ಗಿಂತ ಮುಂಚೆ ಓಡುವವುಗಳನ್ನು ಅರ್ಧರ್ಧ ತೆಗೆಯುತ್ತಾ ಹೋದರೆ ಸಿಗುತ್ತದೆ. ತಾಳ್ಮೆ ಬೇಡುವ ಕೆಲಸ ಇದು.

ತಿದ್ದಿದ ಮೇಲೆ

ಬಿದ್ದ ಟೆಸ್ಟ್ ಒಂದರಲ್ಲೇ ‘ಕಂಪೈಲರ್ ಅನ್‌ನೋನ್ ಆದರೂ ಪರವಾಗಿಲ್ಲ’ ಎಂಬ ಷರತ್ತು ತುರುಕಿ ಹಸಿರು ಮಾಡುವುದು ಸುಲಭ. ಹಾಗೆ ಮಾಡಬೇಡಿ. ಅದೇ ಪ್ರಶ್ನೆ ಕೇಳುವ ಉಳಿದ ಟೆಸ್ಟ್‌ಗಳು ಸುಳ್ಳು ಉತ್ತರದ ಮೇಲೆಯೇ ನಿಂತಿರುತ್ತವೆ. ಪತ್ತೆಯ ಮೂಲದಲ್ಲಿ ತಿದ್ದಿ, ಮೊದಲಿನ ಮತ್ತು ನಂತರದ ಜಿಡಿಬಿ.ಸಮ್ ಫೈಲ್‌ಗಳನ್ನು ಡಿಫ್ ಮಾಡಿ. ಜಿಸಿಸಿ ಒಂದು ಸಲ, ಕ್ಲ್ಯಾಂಗ್ ಒಂದು ಸಲ, ಸಿಗೆ ಜಿಸಿಸಿ ಮತ್ತು ಸಿ++ಗೆ ಕ್ಲ್ಯಾಂಗ್ ಕೊಟ್ಟು ಇನ್ನೊಂದು ಸಲ ಓಡಿಸಿ. ಈ ಮೂರನೆಯ ಬೆರಕೆ ಓಟವೇ ಭಾಷೆ ಮರೆತ ಕರೆಗಳನ್ನು ಹಿಡಿದುಕೊಡುತ್ತದೆ. ತಿದ್ದಿದ ಮೇಲೆ ಕೆಲವು ಎಕ್ಸ್‌ಫೇಲ್‌ಗಳು ಫೇಲ್ ಆದರೆ ಗಾಬರಿಯಾಗಿ ಪ್ಯಾಚ್ ಹಿಂತೆಗೆಯಬೇಡಿ. ಅಡಗಿದ್ದ ದೋಷಗಳು ಹೊರಬಂದಿರಬಹುದು, ಒಂದೊಂದನ್ನೂ ಬೇರೆಯಾಗಿ ನೋಡಿ.

ಎಲ್ಲಿ ನಿಲ್ಲಬೇಕು

ಕೈಯಿಂದ ಪ್ರಿಪ್ರೊಸೆಸ್ ಮಾಡಿದಾಗ ಸರಿಯಾದ ಸೆಟ್ ಸಾಲುಗಳು ಬಂದು, ಲಾಗ್‌ನಲ್ಲೂ ಸರಿಯಾದ ಹೆಸರಿದ್ದು, ಮಾದರಿಯೂ ಸರಿಯಿದ್ದು ಟೆಸ್ಟ್ ಇನ್ನೂ ಬೀಳುತ್ತಿದ್ದರೆ ಅದು ಪತ್ತೆಯ ದೋಷವಲ್ಲ. ಪ್ರೊಸೆಸ್‌ಗೆ ಅಂಟಿಕೊಳ್ಳುವ ಟೆಸ್ಟ್‌ಗಳು ಮಾತ್ರ ಬೀಳುತ್ತಿದ್ದರೆ ಕರ್ನಲ್‌ನ ಪಿಟ್ರೇಸ್ (ಒಂದು ಪ್ರೊಸೆಸ್ ಇನ್ನೊಂದನ್ನು ಗಮನಿಸಿ ನಿಯಂತ್ರಿಸುವ ವ್ಯವಸ್ಥೆ) ನಿರ್ಬಂಧ ಕಾರಣವಿರಬಹುದು. ಅದನ್ನು ಹಂಚಿಕೊಂಡ ಯಂತ್ರದಲ್ಲಿ ನೀವೇ ಸಡಿಲಿಸಬೇಡಿ, ನಿರ್ವಾಹಕರನ್ನು ಕೇಳಿ. ಟೆಸ್ಟ್ ಓಡಿಸುವ ಹೋಸ್ಟೇ ಬೇರೆ ಯಂತ್ರವಾಗಿದ್ದರೆ ಪ್ರಿಪ್ರೊಸೆಸ್ ಔಟ್‌ಪುಟ್ ತಾತ್ಕಾಲಿಕ ಫೈಲ್ ಮೂಲಕ ಬರುತ್ತದೆ. ಅಲ್ಲಿ ಬೋರ್ಡ್ ಫೈಲ್ ಬರೆದವರ ನೆರವಿಲ್ಲದೆ ಮುಂದುವರಿಯುವುದು ಸಮಯ ವ್ಯರ್ಥ.

ಸೋರ್ಸ್‌ವೇರ್‌ನ ಬಗ್‌ಜಿಲಾದಲ್ಲಿ (ಜಿಡಿಬಿಯ ದೋಷ ವರದಿಗಳ ತಾಣ) ವರದಿ ಹಾಕುವಾಗ ಓಡಿಸಿದ ಪೂರ್ತಿ ಆದೇಶ, ಒಂದೇ ಟೆಸ್ಟ್‌ನ ಜಿಡಿಬಿ.ಲಾಗ್, ಕಂಪೈಲರ್.ಸಿಯನ್ನು ಕೈಯಿಂದ ಪ್ರಿಪ್ರೊಸೆಸ್ ಮಾಡಿದ ಔಟ್‌ಪುಟ್, ಕಂಪೈಲರಿನ ಮ್ಯಾಕ್ರೊ ಪಟ್ಟಿ, ಡೇಜಾಗ್ನು ಆವೃತ್ತಿ ಇವಿಷ್ಟನ್ನು ಲಗತ್ತಿಸಿ. ಲಾಗ್‌ನಲ್ಲಿ ನಿಮ್ಮ ಬಳಕೆದಾರ ಹೆಸರು, ಒಳಗಿನ ಸರ್ವರ್ ಹೆಸರುಗಳು ಇರುತ್ತವೆ. ಕಳಿಸುವ ಮೊದಲು ಅವನ್ನು ತೆಗೆಯಿರಿ.